ಈ ವರ್ಷ ಬಾವಿಗದ್ದೆ ಯಾರದು?

ಗುರುಮಲ್ಲಪ್ಪನೋರು ನಮ್ಮೂರಿನವರಲ್ಲ, ಕವಲಂದೆ ಕಡೆಯವರು. ಹೆಮ್ಮಿಗೆ ದಾಟಿ ಕಾಲುವೆ ಏರಿ ಮೇಲೇ ಬಂದರೆ ನಮ್ಮೂರು. ಊರಿನ ಅರ್ಧ ಗದ್ದೆ ನಂಜನಗೂಡಿನ ಸಾವ್ಕಾರ್ರದು. ಅವರು ಸುಗ್ಗೀಲಿ ಕಾರಿನಲ್ಲಿ ಬಂದು, ಎಳನೀರು ಕುಡಿದು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ಗದ್ದೆ ನೋಡಿಕೊಳ್ಳುತ್ತಿದ್ದದ್ದು ಗುರುಮಲ್ಲಪ್ಪನೋರು. ಯಾರು ಯಾವ ಗದ್ದೆ ವಾರಕ್ಕೆ, ಅಂದರೆ ಬೆಳೆ ಪಾಲಿಗೆ, ಮಾಡಬೇಕು, ಯಾರಿಗೆ ಮೊದಲು ನೀರು, ಕಣದಲ್ಲಿ ಯಾವ ರಾಶಿ ಯಾರ ಪಾಲು, ಎಲ್ಲ ಅವರ ಬಾಯಿಮಾತಿನ ಮೇಲೆ.

ಒಣಕಲು ಆಳು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಛತ್ರಿ. ಮಳೆ ಬಂದರೂ ಅದನ್ನು ಬಿಚ್ಚುತ್ತಿರಲಿಲ್ಲ. ಬದುವಿನ ಮೇಲೆ ನಿಂತು ಅದರಲ್ಲೇ ತೋರಿಸಿ, "ಪೈರು ತುಳೀಬೇಡ್ರಲಾ" ಅಂತ ಕೂಗುವುದು. ಸಾವ್ಕಾರ್ರ ಕಣದ ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳಿಲ್ಲ. ಹೆಂಡತಿ ಪುಟ್ಟಬಸಮ್ಮ, ನನಗೆ ಪುಟ್ಟಬಸಕ್ಕ.

ಗುರುಮಲ್ಲಪ್ಪನೋರದು ಒಂದು ಕಟ್ಟು. ಯುಗಾದಿ ಬಂತು ಅಂದರೆ ಗದ್ದೆ ಬದಲು. ಈ ವರ್ಷ ಮೇಲ್ಗದ್ದೆ ಉತ್ತವನು ಬರುವ ವರ್ಷ ಕೆಳಗದ್ದೆಗೆ, ಕೆಳಗದ್ದೆಯವನು ಬಾವಿಗದ್ದೆಗೆ. ಉಳುವವನಿಗೇ ಭೂಮಿ ಅಂತ ಕಾನೂನು ಬಂದ ಕಾಲದಲ್ಲಿ, ಒಂದೇ ಗದ್ದೇಲಿ ಬೇರೂರಿದ ವಾರದವರು ಅರ್ಜಿ ಹಾಕಿ ದೊಡ್ಡ ಸಾವ್ಕಾರ್ರ ಕೈಯಿಂದ ಬೇಕಾದಷ್ಟು ಭೂಮಿ ಬಿಡಿಸಿಕೊಂಡಿದ್ದರಂತೆ. ಆಮೇಲೆ ಬಂದ ಈ ಮನುಷ್ಯ ಒಬ್ಬರನ್ನೂ ಬೇರೂರಲು ಬಿಡಲಿಲ್ಲ. ನಮ್ಮ ಹಾಗೇ ವಾರಕ್ಕೆ ಮಾಡುತ್ತಿದ್ದ ಚಾಮಯ್ಯ ಬದುವಿನ ಮೇಲೆ ನುಗ್ಗೆ ಕಡ್ಡಿ ನೆಟ್ಟರೆ ಕಿತ್ತು ಅವನ ಕೈಗೇ ಕೊಟ್ಟರು.

"ಇದೇನ್ ನಿಮ್ಮಪ್ಪನ್ ಮನೆ ಗದ್ದೆಯೇನ್ಲಾ?"

"ಸಾರಿಗಾಗ್ತಿತ್ತು ಬುದ್ಧಿ, ನಿಮ್ಗೂ ಎಲ್ಡ್ ಕಾಯಿ ಕೊಡ್ತಿದ್ದೆ."

"ಸಾರ್ಗೆ ನಿನ್ ಹಿತ್ಲಲ್ ನೆಡು."

ಬರುವ ವರ್ಷ ಇನ್ನೊಬ್ಬನ ಪಾಲಾಗುವ ಗದ್ದೆಗೆ ಗೊಬ್ಬರ ಹಾಕುವವರು ಯಾರು? ನನ್ನ ಗಂಡ ತಿಮ್ಮಯ್ಯ ಒಬ್ಬ ಹಾಕಿದ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು ಹೊತ್ತು ಹೊತ್ತು ಬಾವಿಗದ್ದೆಗೆ ತುಂಬಿದ. ಆ ಯುಗಾದಿಗೆ ಅದೂ ಕೈ ಬಿಟ್ಟಿತು. ಅವನು ಸತ್ತಾಗ ನಾನು ಹೋಗಿ ಬೇಡಿದೆ: ಅವನು ಗೋಡು ಹೊತ್ತ ಗದ್ದೆ, ಬಾವಿ ಪಕ್ಕದ ಎತ್ತರದ ಮೂಲೆಯಲ್ಲಿ ಮಣ್ಣು ಮಾಡುತ್ತೀವಿ, ಉಳುವ ಜಾಗವೂ ಅಲ್ಲ.

"ಆಗಲ್ಲ ಕೆಂಪಾಜಮ್ಮ. ಒಂದ್ಸಲ ಗುಂಡಿ ತೋಡುದ್ರೆ ನಾಳೆ ನಿಮ್ ಮೊಮ್ಮಕ್ಳು ಬಂದು ನಮ್ಮಜ್ಜ ಇಲ್ಲೇ ಅವ್ನೆ ಅಂತಾರೆ. ಈ ಮಾತ್ನ ಸಾವ್ಕಾರ್ರಿಗೂ ಹೇಳಿವ್ನಿ."

ತಿಮ್ಮಯ್ಯ ಕಾಲುವೆ ಆಚೆ, ಎಲ್ಲರ ಜೊತೆ ಜಾಲಿ ಪೊದೆ ನಡುವೆ ಹೋದ. ಪುಟ್ಟಬಸಕ್ಕ ಗಂಡನ ಹತ್ತಿರ ಮಾತು ಬಿಟ್ಟು, ಕಾರ್ಯ ಮುಗಿಯುವವರೆಗೆ ನನ್ನ ಪಕ್ಕದಲ್ಲೇ ಕೂತಿದ್ದಳು. ಬಾವಿ ಪಕ್ಕದ ಆ ಮೂಲೆಯಲ್ಲಿ ಅವಳೇ ದಂಟಿನ ಸೊಪ್ಪು ಹಾಕಿದ್ದಳು. ಹೆಂಡತಿಯ ಸೊಪ್ಪಿಗೆ ಮಾತ್ರ ಛತ್ರಿ ಏಳುತ್ತಿರಲಿಲ್ಲ. ವಾರದವರ ಮನೆಗೆಲ್ಲ ಕಟ್ಟು ಕಟ್ಟು ಹಂಚುತ್ತಿದ್ದಳು.

ಮೊನ್ನೆ ಮೊನ್ನೆ, ಕೊರೊನಾ ಎಲ್ಲ ಮುಗಿದ ಮೇಲೆ, ಪುಟ್ಟಬಸಕ್ಕನ ಹೊಟ್ಟೆಯಲ್ಲಿ ಗಡ್ಡೆ ಅಂದರು. ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಜೊತೆಗೆ ನಾನೂ ಇದ್ದೆ. ಡಾಕ್ಟರು ಮನೆಗೆ ಕರ್ಕೊಂಡೋಗಿ ಅಂದುಬಿಟ್ಟರು. ಬೆಂಚಿನ ಮೇಲೆ ಕೂತು ಅವಳು ಗಂಡನಿಗೆ ಹೇಳಿದ್ದು ಒಂದೇ. "ನನ್ನ ನನ್ ಸೊಪ್ಪಿನ್ ಮಡೀಲೇ ಇಕ್ಬುಡಿ. ಅಲ್ಲೀಗೂ ಇಲ್ಲೀಗೂ ಒತ್ಕಂಡ್ ತಿರುಗ್ಬೇಡಿ."

ಎಲ್ಲಿಗೆ ಹೊತ್ತಾರು? ಅವರ ಕಡೆಯವರು ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಮಾಡುವುದು. ಕವಲಂದೆಯ ಹೊಲವನ್ನು ಅಣ್ಣತಮ್ಮಂದಿರು ಎಂದೋ ಮಾರಿದ್ದರು.

ಅವಳನ್ನು ಬೆಂಚಿನ ಮೇಲೆ ಮಲಗಿಸಿ ಇಬ್ಬರೂ ಸಾವ್ಕಾರ್ರ ಮನೆಗೆ ಹೋದೆವು. ದೊಡ್ಡವರು ತೀರಿಹೋಗಿ ಈಗ ಮಗ ಬಸವಪ್ರಸಾದ್ರದೇ ಯಜಮಾನಿಕೆ. ಕಾಫಿ ಕೊಟ್ಟರು. ಮಾತು ಮೆತ್ತಗೇ ಇತ್ತು.

"ಮಾಮ, ಆ ಗದ್ದೆ ಸೈಟ್ ಮಾಡೋಕೆ ಪಾರ್ಟಿ ಬಂದವ್ರೆ. ಸಮಾಧಿ ಇದ್ರೆ ಯಾರ್ ತಗೋತಾರೆ? ಗುಂಡಿ ತೋಡೋಕ್ ಬಿಡಬಾರ್ದು ಅಂತ ಅಪ್ಪಾಜಿಗೆ ನೀವೇ ಹೇಳಿದ್ರಲ್ಲ."

ಗುರುಮಲ್ಲಪ್ಪನೋರು ಲೋಟ ಕೆಳಗಿಟ್ಟರು. ಪುಟ್ಟಬಸಕ್ಕನನ್ನು ಕರೆದುಕೊಂಡು ಹತ್ತಿದ ಬಸ್ಸಿನಲ್ಲಿ ತಿರುಮಕೂಡಲು ಬರುವವರೆಗೂ ಛತ್ರಿ ಹಿಡಿ ಸವರುತ್ತಾ ಕೂತಿದ್ದರು.

ಸಂಕ್ರಾಂತಿ ಕಳೆದು ಕಾಲುವೆ ನೀರು ನಿಂತ ಮೇಲೆ ಪುಟ್ಟಬಸಕ್ಕ ಹೋದಳು. ಅಂಗಳದಲ್ಲಿ ಜನ ಸೇರಿತು. ಗುಂಡಿ ಎಲ್ಲಿ ಅಂತ ಮೊದಲು ಕೇಳಿದವನು ಚಾಮಯ್ಯ.

"ಎಲ್ ತೋಡಾಣ ಬುದ್ಧಿ? ಯುಗಾದಿಗೊಂದ್ಸಲ ಸಮಾಧೀನೂ ಬದ್ಲಾಯಿಸ್ತೀರೋ ಹೆಂಗೆ?"

"ಸಾವಿನ್ ಮನೇಲೇನ್ಲಾ ನಿಂದು" ಅಂತ ಯಾರೋ ಗದರಿದರು. ಗುರುಮಲ್ಲಪ್ಪನೋರು ನನ್ನ ಕಡೆ ನೋಡಿದರು. ಆ ವರ್ಷ ಬಾವಿಗದ್ದೆ ಸರದಿ ನನ್ನದು. ಯುಗಾದಿವರೆಗೆ ನನ್ನ ಕೈಯಲ್ಲೇ. ಅಲ್ಲಿ ಗುದ್ದಲಿ ಬಿದ್ದರೆ ನನಗೆ ವಾರ ತಪ್ಪುತ್ತದೆ, ಅವರಿಗೆ ಮನೆ ತಪ್ಪುತ್ತದೆ ಅಂತ ಇಬ್ಬರಿಗೂ ಗೊತ್ತು. ಕಾಲುವೆ ಆಚೆಯ ಜಾಲಿ ಪೊದೆ ನನ್ನ ಕಣ್ಣ ಮುಂದೆ ಬಂತು. ಕಟ್ಟು ಕಟ್ಟು ದಂಟಿನ ಸೊಪ್ಪೂ ಬಂತು.

"ಚಾಮಯ್ಯ, ಗುದ್ದಲಿ ತಕೋ. ಸೊಪ್ಪಿನ್ ಮಡಿ ತೋರುಸ್ತೀನಿ, ನಡಿ" ಅಂದೆ.

ಅವನೇ ತೋಡಿದ. ಬಿಲ್ವಪತ್ರೆ, ವಿಭೂತಿ ಹಾಕಿ ಪುಟ್ಟಬಸಕ್ಕನನ್ನು ಕೂರಿಸಿದರು.

ಬಸವಪ್ರಸಾದ್ರು ಬಂದರು. ಬದುವಿನ ಮೇಲೆ ಚಪ್ಪಲಿ ಬಿಟ್ಟು ಸಮಾಧಿಗೆ ಕೈ ಮುಗಿದರು. ತಿರುಗಿ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮಾಮ, ಈ ತಿಂಗಳಲ್ಲಿ ಮನೆ ಖಾಲಿ ಮಾಡ್ಕೊಡಿ" ಅಂದರು. ಯುಗಾದಿ ದಿನ ಗುರುಮಲ್ಲಪ್ಪನೋರ ಜಾಗಕ್ಕೆ ಬೈಕಿನಲ್ಲಿ ಬಂದ ಹೊಸ ಮೇಸ್ತ್ರಿ ನಂಜುಂಡೇಶ್ ಎಲ್ಲರಿಗೂ ಗದ್ದೆ ಕೊಟ್ಟ, ನನ್ನ ಹೆಸರು ಬಿಟ್ಟ. ಈಗ ನಾನು ಮಂದಿ ಗದ್ದೆಯಲ್ಲಿ ಕಳೆ ಕೀಳುತ್ತೀನಿ.

ಗುರುಮಲ್ಲಪ್ಪನೋರು ಕವಲಂದೆಯಲ್ಲಿ ತಮ್ಮನ ಮಗನ ಮನೆ ಜಗಲಿ ಸೇರಿದರು. ಅಮಾವಾಸ್ಯೆಗೆ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಕೈಯಲ್ಲಿ ಎಣ್ಣೆ ಶೀಶೆ, ಕಂಕುಳಲ್ಲಿ ಛತ್ರಿ. ಮೊನ್ನೆ ಬದುವಿನ ತುದಿಯಲ್ಲೇ ನಿಂತುಬಿಟ್ಟರು.

"ಕೆಂಪಾಜಮ್ಮ, ಈ ವರ್ಷ ಬಾವಿಗದ್ದೆ ಯಾರ್ದು?"

"ಚಾಮಯ್ಯಂದು."

"ಒಳಕ್ಕೋಗ್ಬೋದಾ ಅಂತ ಒಂದ್ ಮಾತು ಕೇಳವ್ವ."

ಚಾಮಯ್ಯ ಆ ಕಡೆಯಿಂದಲೇ ಕೂಗಿದ. "ಓಗಿ ಬುದ್ಧಿ ಓಗಿ. ಪೈರ್ ತುಳೀಬೇಡಿ!"

ಅವರು ಪಂಚೆ ಎತ್ತಿಕಟ್ಟಿ, ಕಾಲ ಮುಂದೆ ಕಾಲಿಟ್ಟು ಬದುವಿನ ಮೇಲೆ ಹೋದರು. ದೀಪ ಹಚ್ಚಿ ತಿರುಗಿ ಬಂದವರು ಕೇಳಿದರು, "ಬರೋ ವರ್ಷ ಯಾರ್ಗೆ ಕೊಡ್ತಾರಂತೆ? ಇಲ್ಲಾ, ಸೈಟೇ ಮಾಡ್ಬುಡ್ತಾರಾ?"

"ಯಾರ್ಗೊತ್ತು? ಯುಗಾದಿ ಆಗ್ಲಿ" ಅಂದೆ.