ನೆರೆ ನಿಂತ ಕಬ್ಬಿನ ಪಾಕ

ಶಾಂತಣ್ಣ, ಆ ದಿನ ನಿನ್ನ ಪ್ಯಾನಿನಲ್ಲಿ ಪಾಕ ಕಲ್ಲಾದದ್ದು ನಿನ್ನ ತಪ್ಪಿನಿಂದಲ್ಲ. ಹಾಗಾಗುತ್ತದೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಹೇಳಲಿಲ್ಲ.

ಎಂಬತ್ತರ ದಶಕದ ಕೊನೆ. ಕೃಷ್ಣಾ ದಂಡೆಯ ಆ ದೊಡ್ಡ ಸಕ್ಕರೆ ಕಾರ್ಖಾನೆಯಲ್ಲಿ ಪಾಕವನ್ನು ಪ್ಯಾನೆಂಬ ದೊಡ್ಡ ಕಡಾಯಿಯಲ್ಲಿ ಬೇಯಿಸಿ ಸಕ್ಕರೆಯಾಗಿ ಕಾಳುಗಟ್ಟಿಸುವ ಕೆಲಸಕ್ಕೆ ನಾವಿಬ್ಬರೂ ನುರಿತವರು, ಸರೀಕರು. ಹಂಗಾಮು ಮುಗಿದ ಮೇಲೆ ಚೀಫ್ ಕೆಮಿಸ್ಟ್ ಸಾಹೇಬರು ಮೂರೂ ಪಾಳಿಯವರನ್ನು ಕೂರಿಸಿ, ಬಲ್ಲವರಿಂದ ಅವರವರ ವಿದ್ಯೆ ಹೇಳಿಸುತ್ತಿದ್ದರು. ನೀನು ಎಲ್ಲ ಬಿಚ್ಚಿ ಹೇಳುತ್ತಿದ್ದೆ. ನಾನು ಅರ್ಧ ನುಂಗಿ ಹೇಳುತ್ತಿದ್ದೆ — ಪೂರ್ತಿ ಕೊಟ್ಟುಬಿಟ್ಟರೆ ಆಮೇಲೆ ನನ್ನನ್ನು ಯಾರು ಕೇಳುತ್ತಾರೆ? ಆದರೆ ಜನ ಸುತ್ತಿಕೊಂಡದ್ದು ನಿನ್ನನ್ನೇ. ನನ್ನ ಪಾಳಿಯಲ್ಲಿ ತೊಡಕು ಬಂದರೂ, ನಾನು ಎದುರಿಗೇ ನಿಂತಿರುವಾಗ, ಶಾಂತಣ್ಣನನ್ನು ಕೇಳೋಣ ಎನ್ನುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ನಿನ್ನ ನಗುವನ್ನು ಕೂಡ ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಆ ವರ್ಷ ಸತ್ತಿ ಊರಿನ ಕಡೆಯಿಂದ ನೆರೆಯಲ್ಲಿ ನಿಂತ ಕಬ್ಬು ಬಂತು. ಅಂಥ ಕಬ್ಬಿನ ಪಾಕ ಜಿಗಟು; ಅದನ್ನು ಬಿಗಿಯಾಗಿ ಎಳೆದು ಬೇಗ ಗಟ್ಟಿ ಮಾಡಿದರೆ ಕಲ್ಲಾಗುತ್ತದೆ. ತೆಳುವಾಗಿಯೇ ಇಟ್ಟು ನಿಧಾನವಾಗಿ ಬೇಯಿಸಬೇಕು. ಮೊದಲಿದ್ದ ಕಾರ್ಖಾನೆಯಲ್ಲಿ ನಾನಿದನ್ನು ಕಲಿತಿದ್ದೆ, ನಿನಗದು ಹೊಸದು. ಪಾಳಿ ಬದಲಾಗುವಾಗ ಇಬ್ಬರೂ ಪಾಕವನ್ನು ಬೆರಳಲ್ಲಿ ತಿಕ್ಕಿ ನೋಡಬೇಕು, ಹೋಗುವವನು ಅದರ ಗುಣ ಹೇಳಿಯೇ ಹೋಗಬೇಕು — ಅದು ನಮ್ಮ ರೂಢಿ. ನೀನು ತಿಕ್ಕಿ ನೋಡಿದೆ.

"ಯಾಕೋ ಜಿಗಟ ಐತಲ್ಲೋ, ಮಲ್ಲಪ್ಪಾ?"

"ಏನಿಲ್ಲ. ದಿನದಂಗ ಎಳಿ," ಎಂದೆ ನಾನು.

ನಿನ್ನ ಪಾಳಿ ಮುಗಿಯುವ ಮೊದಲೇ ಪಾಕ ಕಲ್ಲಾಗಿ ಪ್ಯಾನ್ ಕಟ್ಟಿಕೊಂಡಿತು, ಮಿಲ್ಲು ನಿಂತಿತು, ಗೇಟಿನಾಚೆ ಕಬ್ಬಿನ ಗಾಡಿಗಳು ಸಾಲುಗಟ್ಟಿದವು. ಸಾಹೇಬರ ಮುಂದೆ ನೀನು ನನ್ನ ಹೆಸರೆತ್ತಲಿಲ್ಲ — ನನಗೂ ಗೊತ್ತಿರಲಿಕ್ಕಿಲ್ಲ ಎಂದೇ ನೀನು ನಂಬಿದ್ದೆ. ನಿನ್ನನ್ನು ಗೋದಾಮಿಗೆ ಹಾಕಿದರು. ಸುದ್ದಿ ಕೇಳಿ ನಾನು ಹೊಟ್ಟೆ ತುಂಬ ಉಂಡೆ. ಅದನ್ನೂ ಹೇಳಿಬಿಡಬೇಕು.

ಮುಂದಿನ ಕೂಟದಲ್ಲಿ ನೆರೆ ಕಬ್ಬಿನ ಪಾಠವನ್ನು ನಾನೇ ಮಾಡಿದೆ, ಈ ಸಲ ಏನನ್ನೂ ನುಂಗದೆ. ನೀನು ಗೋದಾಮಿನಿಂದ ಬಂದು ಹಿಂದೆ ಕುಳಿತಿದ್ದೆ. ಮುಗಿದ ಮೇಲೆ, ಇದು ನಿನಗೆ ಯಾವಾಗ ತಿಳಿಯಿತು ಎಂದು ನೀನು ನನ್ನನ್ನು ಕೇಳಿದೆ. ನಿನ್ನ ಪ್ಯಾನ್ ಕಟ್ಟಿಕೊಂಡ ಮೇಲೆ ಎಂದೆ ನಾನು.

"ಹಂಗಾರ ನಂದು ಕೆಟ್ಟಿದ್ದೂ ಉಪಯೋಗಕ್ಕ ಬಂತು ಬಿಡು," ಎಂದು ನೀನು ನನ್ನ ಬೆನ್ನು ತಟ್ಟಿದೆ.

ನೀನು ಗೋದಾಮಿನಲ್ಲೇ ನಿವೃತ್ತನಾದೆ. ಈ ವಾರ ನಿನ್ನೂರು ದಿಗ್ಗೇವಾಡಿಗೆ ಬರುತ್ತೇನೆ. ಆ ಪಾಠ ಕೇಳಿದವರನ್ನೂ ಕರೆತರುತ್ತೇನೆ, ಅವರೆದುರಿಗೇ ಇದನ್ನೆಲ್ಲ ಹೇಳಬೇಕು. ಕ್ಷಮೆ ಮಾತ್ರ ಕೇಳಲಾರೆ. ಕೇಳಿದರೆ ನೀನು ಕೊಟ್ಟೇಬಿಡುತ್ತೀ — ಅದಕ್ಕೂ ನನಗೆ, ಈ ವಯಸ್ಸಿನಲ್ಲಿಯೂ, ಹೊಟ್ಟೆಕಿಚ್ಚು.