ದೊಡ್ಡವ್ವನ ಹಿಡಿಜೋಳ

ಈ ಸಲದ ಸುಗ್ಗಿಹಬ್ಬದಂದು ರಾಯಚೂರಿನ ನಮ್ಮ ಚರ್ಚಿನ ಅಂಗಳದಲ್ಲಿ ಜೋಳದ ನುಚ್ಚು ಕುದಿಯುತ್ತಿತ್ತು. ಆ ವಾಸನೆ ಮೂಗಿಗೆ ತಾಕಿದೊಡನೆ ಕಣ್ಣೆದುರು ಬಿಳಿಯದೇನೋ ತೇಲಿತು... ಹತ್ತಿಯ ಎಳೆಗಳು, ಅವುಗಳ ನಡುವೆ ತಲೆಯೆಲ್ಲ ಬೆಳ್ಳಗಾದ ದೊಡ್ಡವ್ವ.

ಆಕೆ ಪಕ್ಕದ ಮನೆಯವಳು. ಗಬ್ಬೂರಿನ ಕಡೆಯಿಂದ ಬಂದವಳು, ಮಕ್ಕಳಿಲ್ಲದವಳು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆಯಲ್ಲಿ ಆಕೆಯೂ ನಾನೂ ಕೂಲಿಗಳು. ನಮ್ಮ ಕ್ರೈಸ್ತರ ಓಣಿಯಲ್ಲಿ ಪ್ರತಿ ಮನೆಯವರೂ ಬೀಸುವ ಮುನ್ನ ಹಿಡಿ ಜೋಳವನ್ನು ದೇವರಿಗೆಂದು ತೆಗೆದಿಡುತ್ತಿದ್ದರು. ಅದನ್ನು ಗಡಿಗೆಯಲ್ಲಿ ಕೂಡಿಸಿ ಭಾನುವಾರ ಚರ್ಚಿಗೆ ಮುಟ್ಟಿಸುವುದು ದೊಡ್ಡವ್ವನ ಪಾಲಿನ ಸೇವೆ. ಅದಕ್ಕಿಂತಲೂ ಆಕೆಗೆ ಪ್ರಿಯವಾಗಿದ್ದುದು ಪ್ರಭುಭೋಜನದಂದು ಯೇಸುವಿನ ಕಡೆಯ ಊಟದ ನೆನಪಿಗೆ ಅಂಗೈಗೆ ಬೀಳುವ ರೊಟ್ಟಿಯ ಚೂರು. ಆ ದಿನ ಸೀಗೆಪುಡಿ ಹಚ್ಚಿ ಅಂಗೈಗಳನ್ನು ಕೆಂಪೇರುವಂತೆ ತಿಕ್ಕಿಕೊಳ್ಳುತ್ತಿದ್ದಳು.

ಕಾರ್ಖಾನೆಯ ಹೊರಗಿನ ಬೇವಿನ ನೆರಳಲ್ಲಿ ಕೂಸುಗಳು ಅತ್ತು ಸೋತರೂ ಹಾಲೂಡಿಸಲು ತಾಯಂದಿರನ್ನು ಬಿಡುತ್ತಿರಲಿಲ್ಲ. ಅದಕ್ಕಾಗಿಯೇ ಕೂಲಿಗಳ ಸಂಘದವರು ಕೆಲಸ ನಿಲ್ಲಿಸಿ ಅಲ್ಲಿಯೇ ಹಡತಾಳ ಹೂಡಿದರು. ಧಣಿಯ ವಿರುದ್ಧ ತಿರುಗಿಬೀಳುವುದು ದೇವರ ವಿರುದ್ಧ ತಿರುಗಿಬಿದ್ದಂತೆ ಎಂದು, ಮಾನ್ವಿಯಿಂದ ಬಂದಿದ್ದ ಪಾದ್ರಿಗಳು ಬೋಧಿಸಿದರು. ಓಣಿಯ ಬಹಳ ಜನ ಹಿಂಜರಿದರು. ದೊಡ್ಡವ್ವ ಮಾತ್ರ ಬೇವಿನ ಕೆಳಗೆ ಹೋಗಿ ಕೂತಳು, ನಾನೂ ಕೂತೆ.

ಹಡತಾಳ ಬೆಳೆದು ಮನೆಗಳ ಒಲೆ ಆರಿದವು. ಆಗ ಆಕೆ ದೇವರ ಗಡಿಗೆಯ ಜೋಳವನ್ನೇ ಒಡೆದು, ಅಲ್ಲಿಯೇ ಹಂಡೆಯಿಟ್ಟು ನುಚ್ಚು ಕುದಿಸಿ, ಯಾರ ಮಕ್ಕಳೆಂದು ಕೇಳದೆ ಬಡಿಸತೊಡಗಿದಳು. ಪಾದ್ರಿಗಳು ಬಿರಬಿರನೆ ಬಂದರು.

"ದೇವರ ಪಾಲಿಗಿ ಕೈ ಹಚ್ಚಿದೇನವ್ವಾ?"

"ಹಚ್ಚೀನ್ರಿ ಅಯ್ನೋರೆ, ಉಪ್ಪೂ ಹಾಕೀನಿ. ಕುಂದರ್ರಿ, ಬಿಸಿ ಅದ."

"ಅಯ್ನೋರಿಗಿ ಮಜ್ಜಗಿ ಹಾಕಬೇ ಯಕ್ಕಾ!" ಹಿಂದಿನಿಂದ ಯಾರೋ ಕೂಗಿದರು. ಹೆಂಗಸರೆಲ್ಲ ನಕ್ಕರು. ಪಾದ್ರಿಗಳು ನಗಲಿಲ್ಲ.

"ಇನ್ನ ನಿನಗ ಪ್ರಭುವಿನ ರೊಟ್ಟಿ ಇಲ್ಲ, ತಿಳ್ಕೊ."

ದೊಡ್ಡವ್ವನ ಸೌಟು ಗಾಳಿಯಲ್ಲೇ ನಿಂತಿತು. "ಅದೊಂದು ಮಾಡಬ್ಯಾಡ್ರೀ ಯಪ್ಪಾ," ಎಂದಳು, ಬಹಳ ಮೆಲ್ಲಗೆ. ಒಂದು ಮಗು ತೆಂಗಿನ ಪರಟೆ ಚಾಚಿತು. ಸೌಟು ಮತ್ತೆ ಹಂಡೆಗಿಳಿಯಿತು.

ಪ್ರಭುಭೋಜನದ ದಿನ ನಾನು ಚರ್ಚಿನ ಬಾಗಿಲಲ್ಲಿ ನಿಂತಿದ್ದೆ. ಹೆಂಗಸರ ಸಾಲಿನಲ್ಲಿ ತಿಕ್ಕಿ ತೊಳೆದ ಆ ಅಂಗೈ ಎಂದಿನಂತೆ ತೆರೆದಿತ್ತು. ತಟ್ಟೆ ಅದನ್ನು ದಾಟಿ ಮುಂದೆ ಹೋಯಿತು. ಕೊನೆಯ ಕೀರ್ತನೆ ಮುಗಿಯುವವರೆಗೂ ಆಕೆ ಕೈ ಮುಚ್ಚಲಿಲ್ಲ...

ಕೊನೆಗೆ ಧಣಿ ಮಣಿದ. ತಾಯಂದಿರು ಬೇವಿನ ಕೆಳಗೆ ಬಂದು ಹಾಲೂಡಿಸಿದರು. ದೊಡ್ಡವ್ವ ಮತ್ತೆ ಓಣಿ ತಿರುಗಿ ಹಿಡಿಜೋಳ ಕೂಡಿಸಿದಳು, ಚರ್ಚಿಗೆ ಒಯ್ದಳು, ಅಂಗೈ ಚಾಚಿ ಕುಳಿತಳು. ರೊಟ್ಟಿ ಬೀಳಲಿಲ್ಲ. ಹಾಗೆಯೇ ಒಂದು ದಿನ ಗಬ್ಬೂರಿಗೆ ಮರಳಿದಳು. ಅಲ್ಲಿಯೇ ಮಣ್ಣಾದಳೆಂದು ಆಮೇಲೆ ಕೇಳಿದೆ.

ಈ ಸುಗ್ಗಿಹಬ್ಬದಲ್ಲಿ ಸಭೆಯ ಹಿರಿಯರೊಬ್ಬರು ಎದ್ದು ನಿಂತು, ಆ ಹಡತಾಳದಲ್ಲಿ ನಮ್ಮ ಚರ್ಚು ಹಸಿದವರಿಗೆ ನುಚ್ಚು ಉಣಿಸಿತೆಂದು ಹೆಮ್ಮೆಯಿಂದ ಹೇಳಿದರು. ಅದರ ನೆನಪಿಗೇ ಅಂಗಳದ ಈ ಹಂಡೆಯಂತೆ. ಚರ್ಚಲ್ಲ, ದೊಡ್ಡವ್ವ ಎಂದೆ. ವಯಸ್ಸಾಯಿತು, ನೆನಪು ಕದಡಿದೆ ಎಂದು ನಕ್ಕರು. ಕದಡಿರಬಹುದು. ಆ ಅಂಗೈ ಮಾತ್ರ ಕದಡಿಲ್ಲ.

ನನ್ನ ಮುಂದೆಯೂ ತಟ್ಟೆ ಇಟ್ಟರು. ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಹಾಕುವುದನ್ನು ಮರೆತಿದ್ದರು.