ಕಿಟಕಿಯಲ್ಲಿಟ್ಟ ವಿಲಾಯತಿ ಸೇವಂತಿಗೆ

ನಿಜಾಮರ ಆಳಿಕೆಯ ಕಾಲ. ನಾನು ಕಮಲಾಪುರದಿಂದ ಕಲಬುರಗಿಗೆ ಸೊಸೆಯಾಗಿ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಇಷ್ಟೇ ಜನ. ಗಂಡನಿಗೆ ಅದಾಲತ್ತಿನಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಕೆಲಸ. ದಿನವಿಡೀ ಸಾಕ್ಷಿಗಳ ಮಾತು ಬರೆದು ಬರೆದು, ಮನೆಯಲ್ಲೂ ಯಾವುದನ್ನೂ ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳುವುದು ಅವರಿಗೆ ರೂಢಿಯಾಗಿತ್ತು.

ಆ ಚಳಿಗಾಲದಲ್ಲಿ ಅವರ ಪರಿಚಯದ ರೇಲ್ವೆ ಬಾಬು ಒಬ್ಬರಿಗೆ ಮದರಾಸಿನ ಕಡೆ ವರ್ಗವಾಯಿತು. ಅವರ ಹೆಂಡತಿ ಹೊರಡುವಾಗ ನನಗೊಂದು ಹೂವಿನ ಕುಂಡ ಕೊಟ್ಟು ಹೋದರು. ಮೋಟು ಗಿಡ, ನೆಲಕ್ಕೆ ಅಂಟಿದಂತೆ ಎಲೆ, ತೆಳ್ಳನೆಯ ಕಾಂಡದ ತುದಿಯಲ್ಲಿ ಹಳದಿ ನಡುವಿನ ಬಿಳಿ ಹೂವು. ಅವರು ಅದನ್ನು ಡೇಜಿ ಎಂದರು. ನಮ್ಮ ಮನೆಯಲ್ಲಿ ಅದು ವಿಲಾಯತಿ ಸೇವಂತಿಗೆಯಾಯಿತು. ನಿಮ್ಮೂರಿನ ಬಿಸಿಲಿಗೆ ಹೊರಗಿಟ್ಟರೆ ಉಳಿಯುವುದಿಲ್ಲ, ಒಳಗೇ ಇಡಬೇಕು, ಆದರೆ ಎಳೆ ಬಿಸಿಲು ಬೀಳುತ್ತಿರಬೇಕು, ಬೆರಳಿಟ್ಟು ನೋಡಿ ಮಣ್ಣು ಒಣಗಿದ್ದರಷ್ಟೇ ನೀರು ಹಾಕಬೇಕು, ಬಾಡಿದ ಹೂವನ್ನು ಆಗಾಗ ಚಿವುಟಬೇಕು ಎಂದು ಹೇಳಿಕೊಟ್ಟಿದ್ದರು.

ನಮ್ಮ ಓಣಿಯಲ್ಲಿ ಮಾಳಿಗೆಯ ಮೇಲೊಂದು ಕೋಣೆ ಇದ್ದದ್ದು ನಮ್ಮ ಮನೆಗೆ ಮಾತ್ರ. ಅದಕ್ಕೆ ಎರಡು ಕಿಟಕಿ. ಮೂಡಲ ಕಿಟಕಿ ಓಣಿಯ ಕಡೆಗೆ, ಇನ್ನೊಂದು ಹಿಂದಿನ ಅಂಗಳದ ಕಡೆಗೆ. ಬೆಳಿಗ್ಗೆ ಕುಂಡವನ್ನು ಓಣಿಯ ಕಿಟಕಿಯಲ್ಲಿ ಇಡುತ್ತಿದ್ದೆ. ಹೊತ್ತು ಏರಿ ಬಿಸಿಲು ಆ ಕಿಟಕಿಯನ್ನು ಬಿಟ್ಟ ಮೇಲೆ ಎತ್ತಿಕೊಂಡು ಹೋಗಿ ಹಿಂದಿನ ಕಿಟಕಿಯ ಹತ್ತಿರ ಇಡುತ್ತಿದ್ದೆ. ಗಿಡಕ್ಕೆ ಇದು ಹಿಡಿಸಿತು. ಮೊಗ್ಗಿನ ಮೇಲೆ ಮೊಗ್ಗು ಬಂತು.

ಆಮೇಲೆ ಮನೆಯ ಗಾಳಿ ಬದಲಾಯಿತು. ಎದುರುಮನೆಯ ಮುದುಕಿ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತ ನಮ್ಮ ಕಿಟಕಿಯನ್ನೇ ನೋಡುತ್ತಿದ್ದಳು. ಅತ್ತೆ ಅವಳ ಮನೆಗೆ ಹೋಗಿ ಬಂದ ದಿನ ನನ್ನೊಡನೆ ಮಾತು ಕಡಿಮೆಯಾಗುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಗಂಡ ತಲೆಯೆತ್ತದೆ, ಈ ಗಿಡಕ್ಕೆ ಮಧ್ಯಾಹ್ನ ಜಾಗ ಬದಲಿಸುವುದು ಅಷ್ಟು ಜರೂರೇನು ಎಂದು ಕೇಳಿದರು. ಹೌದೆಂದೆ. ಯಾವ ಹೊತ್ತಿಗೆ ಬದಲಿಸುತ್ತೀ ಎಂದರು. ಬಿಸಿಲು ಹೋದ ಮೇಲೆ ಎಂದೆ. ಆ ವಾರದಿಂದ ಕಾಗದ ಮರೆತೆ, ತಲೆನೋವು ಬಂತು ಎಂದು ಏನಾದರೂ ನೆಪ ಹೇಳಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರತೊಡಗಿದರು. ಬಂದವರು ನೇರ ಮಾಳಿಗೆಗೆ ಹತ್ತುತ್ತಿದ್ದರು.

ನನಗೂ ಅನುಮಾನ ಶುರುವಾಯಿತು. ನನ್ನದು ಬೇರೆ ಬಗೆಯದು. ಕುಂಡದ ಮಣ್ಣಿನ ಮೇಲೆ ಬಿಳಿಯ ಪದರೊಂದು ಕಾಣಿಸಿಕೊಂಡಿತ್ತು, ಎಲೆಯ ಅಂಚು ಕಂದುತ್ತಿತ್ತು. ನಾನು ಕೆಳಗೆ ರೊಟ್ಟಿ ಬಡಿಯುವಾಗ ಅತ್ತೆ ಮೇಲೆ ಹೋಗಿ ಬರುವುದನ್ನು ಕಂಡಿದ್ದೆ. ಉಪ್ಪಿನ ನೀರು ಸುರಿಯುತ್ತಾರೆ ಎಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಉಪ್ಪಿನ ಗಡಿಗೆ ಎಷ್ಟು ಖಾಲಿಯಾಗಿದೆ ಎಂದು ಮಾತ್ರ ನೋಡುತ್ತಿದ್ದೆ. ಹೀಗೆ ಒಂದೇ ಸೂರಿನಡಿ ಮೂವರೂ ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಕಣ್ಣಿಟ್ಟುಕೊಂಡು ಓಡಾಡುತ್ತಿದ್ದೆವು.

ಕೊನೆಗೊಂದು ದಿನ ಓಣಿಯ ಕಿಟಕಿಯ ಕದ ಮುಚ್ಚಿ ಮೊಳೆ ಹೊಡೆದದ್ದು ಕಂಡಿತು. ಗಿಡ ಬಿಳಿಚಿಕೊಂಡು ಒಂದು ಕಡೆ ವಾಲತೊಡಗಿತು. ಅದೇ ಹೊತ್ತಿಗೆ ನನ್ನ ಅಪ್ಪ ಬಂಡಿಯಲ್ಲಿ ತೋಟದ ಕೆಂಪು ಬಾಳೆಗೊನೆ ಹೇರಿಕೊಂಡು ಬಜಾರಿಗೆ ಬಂದವರು ನಮ್ಮ ಮನೆಗೂ ಬಂದರು. ಅತ್ತೆ ಅವರ ಮುಂದೆಯೇ ಹೇಳಿದರು.

“ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾರವ್ವಾ. ಆ ಕುಂಡಾನೂ ತೊಗೊಂಡು ಹೋಗು.”

ಕುಂಡವನ್ನು ಯಾಕೆ ಜೊತೆ ಮಾಡಿದರು ಎಂದು ನನಗೆ ತಿಳಿಯಲಿಲ್ಲ. ಬಂಡಿ ಊರು ದಾಟಿ ಹುಮನಾಬಾದ ದಾರಿ ಹಿಡಿದ ಮೇಲೆ ಅಪ್ಪ ಎತ್ತುಗಳ ಕಡೆಗೇ ಮುಖ ಮಾಡಿ ಕೇಳಿದರು.

“ಅವರು ಕಳಿಸ್ಯಾರೋ, ನೀನಾಗೇ ಹೊಂಟೀಯೋ?”

ನನಗೇ ಗೊತ್ತಿಲ್ಲವೆಂದೆ. ಅಪ್ಪ ನಂಬಲಿಲ್ಲ. ಕಮಲಾಪುರದಲ್ಲಿ ಅವ್ವನೂ ನಂಬಲಿಲ್ಲ. ಹಬ್ಬವಲ್ಲ, ಬಸುರಲ್ಲ, ಕೈಯಲ್ಲೊಂದು ಹೂವಿನ ಕುಂಡ ಹಿಡಿದು ಮಗಳು ಬಂದಿಳಿದರೆ ಯಾವ ತಾಯಿ ನಂಬುತ್ತಾಳೆ? ನೀರಿಗೆ ಬಂದ ಹೆಂಗಸರು ಆರಾಮ ಇದ್ದೀಯಾ ಎಂದು ಕೇಳಿ ಕೊಡ ತುಂಬಿದ ಮೇಲೂ ನಿಂತೇ ಇರುತ್ತಿದ್ದರು.

ತವರಿನ ಪಡಸಾಲೆ ದಪ್ಪ ಗೋಡೆಯದು, ತಂಪು. ಬಾಗಿಲ ಪಕ್ಕದಲ್ಲಿ ಕುಂಡ ಇಟ್ಟೆ. ಬೆಳಕು ಸಿಕ್ಕಿ ಗಿಡ ನೆಟ್ಟಗಾಯಿತು. ಕೆಲವು ದಿನಗಳಲ್ಲಿ ಮಣ್ಣಿನ ಮೇಲೆ ಮತ್ತೆ ಅದೇ ಬಿಳಿ ಪದರು. ಇಲ್ಲಿ ಅತ್ತೆ ಇರಲಿಲ್ಲ. ಅವ್ವ ಅದನ್ನು ಉಗುರಿನಿಂದ ಕೆರೆದು ನೋಡಿ, ಇದು ಬಾವಿಯ ಸವಳು ನೀರಿನದು, ಬಚ್ಚಲ ಹಂಡೆಯೊಳಗೂ ಹೀಗೇ ಕೂತಿದೆಯಲ್ಲ ಎಂದಳು. ಕಲಬುರಗಿಯ ಬಾವಿ ನೀರೂ ಸವಳೇ. ಅಲ್ಲಿಯೂ ಹಂಡೆ ಉಜ್ಜಿದವಳು ನಾನೇ. ಆದರೆ ಅಲ್ಲಿದ್ದಾಗ ನನ್ನ ಕಣ್ಣಿಗೆ ಅತ್ತೆಯ ಕೈ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಗಂಡ ಬಂದರು. ಅಪ್ಪನ ಜೊತೆ ಊಟ ಮಾಡಿದರು, ನಂತರ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದರು. ಎದುರುಮನೆಯ ಮುದುಕಿ ಹೇಳಿದ್ದು ಇಷ್ಟು: ನಾನು ಕಿಟಕಿಯಿಂದ ಕುಂಡ ತೆಗೆದರೆ ಸಾಕು, ಸ್ವಲ್ಪ ಹೊತ್ತಿಗೆಲ್ಲ ಹರೆಯದವನೊಬ್ಬ ಗಂಟು ಹೊತ್ತು ಬಂದು ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂಡುತ್ತಾನೆ, ಕುಂಡ ಇರುವ ತನಕ ಬರುವುದಿಲ್ಲ, ದಿನಾ ಹೀಗೆಯೇ. ಅವನು ಓಣಿ ಓಣಿ ತಿರುಗಿ ಸೀರೆ ಮಾರುವವನು. ನಾನು ಅವನ ಮುಖವನ್ನೇ ನೋಡಿರಲಿಲ್ಲ. ಅತ್ತೆ ಮಾಳಿಗೆಗೆ ಹೋಗಿ ಬರುತ್ತಿದ್ದುದೂ ಅವನನ್ನು ನೋಡಲಿಕ್ಕೇ ಅಂತೆ.

ನಾನು ಹೋದ ಮೇಲೆ ಗಂಡ ಮೊಳೆ ಕಿತ್ತು ಕದ ತೆರೆದು, ಅದೇ ಕಿಟಕಿಯಲ್ಲಿ ಮರೆಯಾಗಿ ಕೂತರು. ಕುಂಡವೂ ಇಲ್ಲ, ನಾನೂ ಇಲ್ಲ. ಆದರೂ ಅವನು ಅದೇ ಹೊತ್ತಿಗೆ ಬಂದ, ಗಂಟು ಇಳಿಸಿದ, ರುಮಾಲು ಬಿಚ್ಚಿ ಸುತ್ತಿಕೊಂಡ, ಎದ್ದು ಹೋದ. ಮರುದಿನವೂ ಬಂದ. ಗಂಡ ಇಳಿದು ಹೋಗಿ, ಇಲ್ಲೇ ಯಾಕೆ ಕೂಡುತ್ತೀ ಎಂದು ಗದರಿಸಿ ಕೇಳಿದರಂತೆ.

“ಈ ಓಣ್ಯಾಗ ನೆರಳು ಮೊದಲ ಬೀಳೂದು ಇಲ್ಲೇ ನೋಡ್ರಿ. ಬ್ಯಾಡಂದ್ರ ಕುಂದ್ರೂದಿಲ್ಲ,” ಎಂದನಂತೆ ಅವನು.

ಬಿಸಿಲು ಕಿಟಕಿಯನ್ನು ಬಿಡುವುದೂ ಕಟ್ಟೆಗೆ ನೆರಳು ಬೀಳುವುದೂ ಒಂದೇ ಹೊತ್ತು. ನಾನು ಬಿಸಿಲು ನೋಡಿ ಕುಂಡ ಎತ್ತುತ್ತಿದ್ದೆ, ಅವನು ನೆರಳು ನೋಡಿ ಗಂಟು ಇಳಿಸುತ್ತಿದ್ದ. ಹೇಳಿ ಮುಗಿಸಿ ಗಂಡ ಹಗುರಾದರು. ಬಾವಿಯ ನೀರು ಮೊಗೆದು ಮುಖ ತೊಳೆದುಕೊಂಡರು. ನನಗೆ ಹಗುರಾಗಲಿಲ್ಲ.

“ಅಂವ ಆ ದಿನ ಬರಲಿಲ್ಲಂದ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದೆ.

ಅವರು ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಅವನಿಗೆ ಜ್ವರ ಬಂದಿದ್ದರೆ, ಬೇರೆ ಊರಿಗೆ ಹೋಗಿದ್ದರೆ, ಕುಂಡ ಹೋದ ಕೂಡಲೇ ಅವನೂ ಬರುವುದು ನಿಂತಿತು ಎಂದು ಲೆಕ್ಕವಾಗುತ್ತಿತ್ತು. ನಾನು ಕಮಲಾಪುರದಲ್ಲೇ ಉಳಿಯುತ್ತಿದ್ದೆ. ಇದು ಅವರಿಗೂ ತಿಳಿಯಿತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಬಂದನಲ್ಲ,” ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಬಂಡಿ ಹೂಡಿಸಿದರು. ಕುಂಡವನ್ನು ತಾವೇ ತೊಡೆಯ ಮೇಲೆ ಇಟ್ಟುಕೊಂಡು, ಕುಲುಕದಂತೆ ಎರಡೂ ಕೈಯಿಂದ ಹಿಡಿದುಕೊಂಡರು. ಮನೆ ಮುಟ್ಟಿದಾಗ ಅತ್ತೆ ನನಗೆ ಕಾಲಿಗೆ ನೀರು ಕೊಟ್ಟರು, ಗಿಡಕ್ಕೂ ಒಂದು ಚಂಬು ಸುರಿದುಬಿಟ್ಟರು. ಮಣ್ಣು ಇನ್ನೂ ಹಸಿಯಾಗಿತ್ತು, ಆದರೂ ಬೇಡವೆನ್ನಲಿಲ್ಲ. ಎದುರುಮನೆಯ ಮುದುಕಿ ಏನೂ ಆಗದವಳಂತೆ ಕರೆದು ಮಾತಾಡಿಸಿದಳು. ನಾನೂ ಮಾತಾಡಿದೆ.

ಯುಗಾದಿಯ ಬಿಸಿಲಿಗೆ ಗಿಡ ಒಳಗಿದ್ದೇ ಸುಟ್ಟುಹೋಯಿತು. ಬೇರೆ ಗಿಡ ತರಿಸಲೇ ಎಂದು ಗಂಡ ಕೇಳಿದರು. ಬೇಡವೆಂದೆ. ಅವರೊಡನೆ ಮುಂದೆ ಬಹಳ ವರ್ಷ ಬಾಳಿದೆ, ಚೆನ್ನಾಗಿಯೇ ಬಾಳಿದೆ. ಆದರೆ ಅವರು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ ದಿನ, ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಕಣ್ಣು ಮೊದಲು ಎತ್ತ ಹೋಗುತ್ತದೆ ಎಂದು ನೋಡುವುದು ನನಗೆ ಕಡೆಯವರೆಗೂ ತಪ್ಪಲಿಲ್ಲ.